ಮಗ್ಗವೂ ಗಣಕಯಂತ್ರವೂ

‘ಡಿಜಿಟಲ್’ ಎಂಬ ಶಬ್ದವು ಇಂದು ನಮ್ಮ ನಾಡಿನ ಮೂಲೆಮೂಲೆಗಳಲ್ಲಿಯೂ ಬಳಕೆಗೆ ಬಂದಿದೆ. ವಾರದ ಸಂತೆಯಲ್ಲಿ ಬದನೆಕಾಯಿ ಮಾರುವ ಅಜ್ಜಿಯ ಬುಟ್ಟಿಯ ಬಳಿಯೂ ಕಪ್ಪು ಬಿಳುಪು ಚೌಕಗಳ ಚೀಟಿಯೊಂದು ಕಾಣಸಿಗುತ್ತದೆ. ಆದರೂ ಈ ಶಬ್ದವನ್ನು ಕೇಳಿದೊಡನೆ ವಿದ್ಯಾರ್ಥಿಗಳ ಮನಸ್ಸು ಬೆಂಗಳೂರಿನ ಕಡೆಗೋ ಅಮೆರಿಕದ ಕ್ಯಾಲಿಫೋರ್ನಿಯದ ಕಡೆಗೋ ಹರಿಯುತ್ತದೆ. ಅದು ಅಲ್ಲೆಲ್ಲೋ ಹುಟ್ಟಿ ಬೆಳೆದು, ಕಟ್ಟಕಡೆಗೆ ನಮ್ಮೂರಿಗೆ ಬಂದಿಳಿದ ವಿದ್ಯೆಯೆಂದೇ ಹಲವರ ತಿಳುವಳಿಕೆ. ಜಮಖಂಡಿಯಿಂದ ಪಶ್ಚಿಮಕ್ಕೆ ಹೊರಟು ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಒಂದು ಗಂಟೆ ತಿರುಗಾಡಿದವರಿಗೆ ಈ ತಿಳುವಳಿಕೆಯು ಅಷ್ಟು ಸರಿಯಾದುದಲ್ಲವೆಂದು ತೋರದಿರದು. ಅಲ್ಲಿ ಮಗ್ಗದ ನೆತ್ತಿಯ ಮೇಲೆ ಧೂಳು ಹಿಡಿದು ತೂಗಾಡುತ್ತಿರುವ, ತೂತು ಕೊರೆದ ರಟ್ಟಿನ ಸರಮಾಲೆಯು ಇಂದಿನ ಗಣಕಯಂತ್ರದ ಪೂರ್ವಜನೇ ಸರಿ.

ರಬಕವಿ, ಬನಹಟ್ಟಿಗಳು ಕೃಷ್ಣಾ ನದಿಯ ದಕ್ಷಿಣಕ್ಕೆ ಒಂದಕ್ಕೊಂದು ಹೊಂದಿಕೊಂಡಿರುವ ಜೋಡಿ ಊರುಗಳು. ವಿಜಾಪುರ ಜಿಲ್ಲೆಯನ್ನು ಒಡೆದು ೧೯೯೭ರಲ್ಲಿ ರಚಿಸಲಾದ ಬಾಗಲಕೋಟೆ ಜಿಲ್ಲೆಯಲ್ಲಿ ಇಳಕಲ್ಲು ತನ್ನ ಸೀರೆಗೂ, ಗುಳೇದಗುಡ್ಡವು ತನ್ನ ಖಣಕ್ಕೂ ಹೆಸರಾಗಿರುವಂತೆ, ಈ ಜೋಡಿ ಊರುಗಳು ನಿತ್ಯಬಳಕೆಯ ಸೀರೆಗಳಿಗೆ ಹೆಸರಾಗಿವೆ. ಕೈಮಗ್ಗ, ವಿದ್ಯುತ್ ಮಗ್ಗ ಎರಡೂ ಇಲ್ಲಿವೆ. ಇಲ್ಲಿಯ ಅನೇಕ ಮನೆಗಳಿಗೆ ಅನ್ನವು ಲಾಳಿಯ ಓಡಾಟದಿಂದಲೇ ಬರುತ್ತದೆ. ಆದುದರಿಂದ ಹೊಸ ತಂತ್ರವಿದ್ಯೆಯು ಮಗ್ಗಕ್ಕೆ ಏನು ಮಾಡುತ್ತಿದೆಯೆಂಬುದು ಇಲ್ಲಿ ಕುತೂಹಲದ ಪ್ರಶ್ನೆ ಮಾತ್ರವಲ್ಲ, ಹೊಟ್ಟೆಯ ಪ್ರಶ್ನೆಯೂ ಹೌದು. ಸೀರೆಯ ಚಿತ್ತಾರವು ಸಂಖ್ಯೆಯಾಗುವುದು ಹೇಗೆ? ಹಾಗೆ ಸಂಖ್ಯೆಯಾದ ಬಳಿಕ ಅದು ಯಾರ ಸ್ವತ್ತು? ಈ ಎರಡು ಪ್ರಶ್ನೆಗಳನ್ನು ನಮ್ಮ ತರುಣ ವಾಚಕರೊಡನೆ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಹಾಸು, ಹೊಕ್ಕು, ಸಂಖ್ಯೆ

ಭೌತಶಾಸ್ತ್ರದಲ್ಲಿ ಪರಿಮಾಣಗಳನ್ನು ಎರಡು ಬಗೆಯಾಗಿ ತೋರಿಸಬಹುದು. ಉಷ್ಣತಾಮಾಪಕದಲ್ಲಿ ಪಾದರಸವು ಎಲ್ಲಿಯೂ ಜಿಗಿಯದೆ ನಯವಾಗಿ ಏರುತ್ತದೆ, ಅದು ಅವಿಚ್ಛಿನ್ನವಾದುದು. ಬೆರಳು ಮಡಿಚಿ ಎಣಿಸುವವನು ಮೂರರಿಂದ ನಾಲ್ಕಕ್ಕೆ ಒಮ್ಮೆಗೇ ನೆಗೆಯುತ್ತಾನೆ. ಮೂರೂವರೆ ಬೆರಳು ಎಂಬುದಿಲ್ಲ. ಇಂಗ್ಲಿಷಿನ ‘ಡಿಜಿಟ್’ ಶಬ್ದವು ಬಂದಿರುವುದು ಬೆರಳು ಎಂಬ ಅರ್ಥವುಳ್ಳ ಲ್ಯಾಟಿನ್ ಶಬ್ದದಿಂದಲೇ. ಹೀಗೆ ಬಿಡಿಬಿಡಿಯಾದ ಅಂಕಗಳಿಂದ ವಿಷಯವನ್ನು ತಿಳಿಸುವ ಕ್ರಮವೇ ಡಿಜಿಟಲ್ ಕ್ರಮ.

ಈಗ ಬಟ್ಟೆಯ ರಚನೆಯನ್ನು ನೋಡೋಣ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಎಂದೂ, ಲಾಳಿಯು ಅಡ್ಡಲಾಗಿ ಒಯ್ಯುವ ಎಳೆಗೆ ಹೊಕ್ಕು ಎಂದೂ ಹೆಸರು. ಹಾಸಿನ ಒಂದು ಎಳೆ ಹೊಕ್ಕಿನ ಒಂದು ಎಳೆಯನ್ನು ಸಂಧಿಸುವಲ್ಲಿ ಹಾಸು ಮೇಲಿರಬೇಕು, ಇಲ್ಲವೆ ಕೆಳಗಿರಬೇಕು. ಮೂರನೆಯ ಸ್ಥಿತಿ ಇರಲಾರದು. ಮೇಲಿದ್ದರೆ ೧ ಎಂದೂ ಕೆಳಗಿದ್ದರೆ ೦ ಎಂದೂ ಬರೆದುಕೊಂಡು ಹೋದರೆ, ಸೀರೆಯ ದಡಿಯ ಹೂವಾಗಲಿ ಸೆರಗಿನ ನವಿಲಾಗಲಿ ೧ ಮತ್ತು ೦ಗಳ ಒಂದು ಕೋಷ್ಟಕವಾಗಿ ಪರಿಣಮಿಸುತ್ತದೆ. ಚೌಕದ ಹಾಳೆಯ ಮೇಲೆ ನಕ್ಷೆ ಬರೆಯುವ ನಮ್ಮ ಕುಶಲಕರ್ಮಿಗಳು ಕೆಲವು ಚೌಕಗಳನ್ನು ತುಂಬಿ ಕೆಲವನ್ನು ಖಾಲಿ ಬಿಡುವಾಗ ಇದನ್ನೇ ಮಾಡುತ್ತಾರೆ. ಗಣಕಯಂತ್ರದ ದ್ವಿಮಾನ ಗಣಿತವನ್ನು ಅವರು ಪಾಠಶಾಲೆಯಲ್ಲಿ ಕಲಿಯದಿದ್ದರೂ ಬಟ್ಟೆಯ ಮೂಲಕ ಅದನ್ನು ಬಲ್ಲವರಾಗಿದ್ದಾರೆ.

ತೂತೇ ಅಕ್ಷರ

ಕೋಷ್ಟಕವನ್ನು ಬರೆಯುವುದು ಒಂದು ಕೆಲಸ. ಲಾಳಿ ಓಡುವ ಪ್ರತಿ ಸಲವೂ ಸರಿಯಾದ ಎಳೆಗಳನ್ನೇ ಆರಿಸಿ ಎತ್ತುವುದು ಇನ್ನೊಂದು. ಹಿಂದೆ ಚಿತ್ತಾರದ ಬಟ್ಟೆ ನೇಯುವಾಗ ನೇಕಾರನೊಡನೆ ಸಹಾಯಕನೊಬ್ಬನಿದ್ದು, ದಾರಗಳ ಗೊಂಚಲನ್ನು ಹಿಡಿದೆಳೆದು ಎಳೆಗಳನ್ನು ಎತ್ತಿಕೊಡಬೇಕಾಗುತ್ತಿದ್ದಿತು. ಕಾಶಿಯ ರೇಷ್ಮೆ ಮಗ್ಗಗಳಲ್ಲಿ ‘ಜಾಲ’ ಎಂದು ಕರೆಯುತ್ತಿದ್ದುದು ಇಂತಹ ಏರ್ಪಾಡನ್ನೇ. ದಿನವಿಡೀ ಎಳೆಯುವವನ ತೋಳು ಸೋಲುತ್ತಿತ್ತು. ಒಂದು ದಾರ ತಪ್ಪಿದರೆ ಹೂವಿನ ಎಸಳು ಮುರಿಯುತ್ತಿತ್ತು.

ಫ್ರಾನ್ಸಿನ ಲಿಯಾನ್ ನಗರದ ರೇಷ್ಮೆ ನೇಕಾರರಿಗೂ ಇದೇ ಕಷ್ಟವಿದ್ದಿತು. ಆ ನಗರದ ಬೌಶಾನ್ ಎಂಬವನು ೧೭೨೫ರಲ್ಲಿ ತೂತು ಕೊರೆದ ಕಾಗದದ ಸುರುಳಿಯಿಂದ ಎಳೆಗಳನ್ನು ಆರಿಸುವ ಉಪಾಯವನ್ನು ಕಂಡುಹಿಡಿದನು. ಕೆಲವು ವರ್ಷಗಳ ತರುವಾಯ ಫಾಲ್ಕಾನ್ ಎಂಬವನು ಕಾಗದದ ಸುರುಳಿಗೆ ಬದಲಾಗಿ ಸರಪಳಿಯಂತೆ ಪೋಣಿಸಿದ ರಟ್ಟಿನ ಕಾರ್ಡುಗಳನ್ನು ಬಳಸಿದನು. ಇವರ ವಿಚಾರಗಳನ್ನೆಲ್ಲ ಕೂಡಿಸಿ, ೧೮೦೪ರ ಸುಮಾರಿಗೆ ದಿನದ ಕೆಲಸಕ್ಕೆ ಒದಗುವಂತಹ ಯಂತ್ರವನ್ನು ರೂಪಿಸಿದ ಕೀರ್ತಿ ಜೋಸೆಫ್ ಮಾರಿ ಜಕಾರ್ಡನಿಗೆ (೧೭೫೨-೧೮೩೪) ಸಲ್ಲುತ್ತದೆ. ಅವನ ಹೆಸರೇ ಇಂದಿಗೂ ಬನಹಟ್ಟಿಯ ಮಗ್ಗದ ಮನೆಗಳಲ್ಲಿ ನಿತ್ಯದ ಮಾತಾಗಿದೆ.

ಈ ಯಂತ್ರದ ಕೆಲಸವು ಸರಳವಾದುದು. ಮಗ್ಗದ ಮೇಲೆ ನೆಟ್ಟಗೆ ನಿಂತ ಕೊಕ್ಕೆಗಳ ಸಾಲುಗಳಿರುತ್ತವೆ. ಪ್ರತಿ ಕೊಕ್ಕೆಯಿಂದ ಇಳಿದ ದಾರವು ಹಾಸಿನ ಒಂದು ಅಥವಾ ಹಲವು ಎಳೆಗಳನ್ನು ಹಿಡಿದಿರುತ್ತದೆ. ಪ್ರತಿ ಕೊಕ್ಕೆಗೂ ಅಡ್ಡಲಾಗಿ ಒಂದು ಸೂಜಿಯುಂಟು. ಲಾಳಿ ಓಡುವ ಮುನ್ನ ಒಂದು ಕಾರ್ಡು ಬಂದು ಸೂಜಿಗಳ ಮೊನೆಗೆ ಒತ್ತುತ್ತದೆ. ಸೂಜಿಯೆದುರು ತೂತಿದ್ದರೆ ಸೂಜಿಯು ಅದರೊಳಗೆ ಹೊಗುತ್ತದೆ; ಕೊಕ್ಕೆಯು ಇದ್ದಲ್ಲಿಯೇ ನಿಲ್ಲುತ್ತದೆ; ಮೇಲೇಳುವ ಕಬ್ಬಿಣದ ಪಟ್ಟಿಯು ಅದನ್ನು ಹಿಡಿದೆತ್ತುತ್ತದೆ. ತೂತಿಲ್ಲದಿದ್ದರೆ ರಟ್ಟು ಸೂಜಿಯನ್ನು ಹಿಂದಕ್ಕೆ ದೂಡುತ್ತದೆ. ಕೊಕ್ಕೆಯು ಪಟ್ಟಿಯ ದಾರಿಯಿಂದ ಪಕ್ಕಕ್ಕೆ ಸರಿಯುತ್ತದೆ. ಅದರ ಎಳೆಗಳು ಕೆಳಗೇ ಉಳಿಯುತ್ತವೆ. ಒಂದು ಕಾರ್ಡಿಗೆ ಒಂದು ಹೊಕ್ಕು. ಕಾರ್ಡಿನ ಸರಪಳಿ ಒಂದು ಸುತ್ತು ತಿರುಗಿದರೆ ಚಿತ್ತಾರದ ಒಂದು ಆವೃತ್ತಿ ಮುಗಿಯುತ್ತದೆ.

ಇಲ್ಲೊಂದು ಸಣ್ಣ ಲೆಕ್ಕವನ್ನು ಮಾಡೋಣ. ಒಂದು ದಡಿಯ ಚಿತ್ತಾರಕ್ಕೆ ೨೪೦ ಕೊಕ್ಕೆಗಳೂ ೪೦೦ ಕಾರ್ಡುಗಳೂ ಬೇಕೆಂದಿಟ್ಟುಕೊಳ್ಳಿ. ಆಗ ‘ತೂತು ಉಂಟೋ ಇಲ್ಲವೋ’ ಎಂಬ ತೀರ್ಮಾನಗಳು ಒಟ್ಟು ೨೪೦ × ೪೦೦ = ೯೬,೦೦೦. ಗಣಕಶಾಸ್ತ್ರದ ಭಾಷೆಯಲ್ಲಿ ಇವು ೯೬,೦೦೦ ಬಿಟ್‌ಗಳು. ಎಂಟು ಬಿಟ್‌ಗೆ ಒಂದು ಬೈಟಿನಂತೆ ೧೨,೦೦೦ ಬೈಟುಗಳು. ಮೊಬೈಲ್ ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರವು ಮೂವತ್ತು ಲಕ್ಷ ಬೈಟುಗಳಷ್ಟಿದ್ದರೆ ಅಷ್ಟೇ ಜಾಗದಲ್ಲಿ ಇಂತಹ ೨೫೦ ದಡಿಗಳನ್ನು ಅಡಗಿಸಿಡಬಹುದು. ಗೋಣಿಚೀಲದಷ್ಟು ಜಾಗ ಹಿಡಿದು, ಒಬ್ಬನ ಹೆಗಲ ಮೇಲೆ ಹೋಗುತ್ತಿದ್ದ ಕಾರ್ಡಿನ ಹೊರೆಯ ಸಾರಾಂಶವು ಇಷ್ಟು ಚಿಕ್ಕದು! ಈ ಚಿಕ್ಕತನದಲ್ಲಿಯೇ ಮುಂದಿನ ಕಥೆಯ ಸುಖದುಃಖಗಳೆರಡೂ ಇವೆ.

ಮಗ್ಗದಿಂದ ಗಣಕಕ್ಕೆ, ಗಣಕದಿಂದ ಮಗ್ಗಕ್ಕೆ

ಜಕಾರ್ಡನ ಯಂತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಸೂಜಿಯೂ ಅಲ್ಲ, ಕೊಕ್ಕೆಯೂ ಅಲ್ಲ. ಮಾಡುವ ಯಂತ್ರ ಬೇರೆ, ಮಾಡಬೇಕಾದುದನ್ನು ತಿಳಿಸುವ ಆಜ್ಞೆ ಬೇರೆ ಎಂಬ ವಿಂಗಡಣೆಯೇ ಮುಖ್ಯವಾದುದು. ಮಗ್ಗವನ್ನು ಬದಲಿಸದೆ ಕಾರ್ಡನ್ನು ಬದಲಿಸಿದರೆ ಗುಲಾಬಿಯ ಜಾಗದಲ್ಲಿ ಗಿಳಿ ಮೂಡುತ್ತದೆ. ಈ ವಿಂಗಡಣೆಯನ್ನು ಗಣಿತಕ್ಕೆ ಅನ್ವಯಿಸಿದವನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್. ಯಾವ ಲೆಕ್ಕವನ್ನಾದರೂ ಮಾಡಬಲ್ಲ ಯಂತ್ರವೊಂದನ್ನು ೧೮೩೭ರಲ್ಲಿ ಅವನು ವಿವರಿಸಿ, ಅದಕ್ಕೆ ಆಜ್ಞೆಗಳನ್ನು ತೂತಿನ ಕಾರ್ಡುಗಳ ಮೂಲಕ ಕೊಡಬೇಕೆಂದು ಯೋಚಿಸಿದನು. ರೇಷ್ಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರವೊಂದು ೧೮೩೯ರಲ್ಲಿ ಸಿದ್ಧವಾಯಿತು. ಅದಕ್ಕೆ ಸುಮಾರು ೨೪,೦೦೦ ಕಾರ್ಡುಗಳು ಬೇಕಾಗಿದ್ದವು. ಬ್ಯಾಬೇಜನು ಅದರ ಒಂದು ಪ್ರತಿಯನ್ನು ತರಿಸಿ ಮನೆಗೆ ಬಂದವರಿಗೆ ತೋರಿಸುತ್ತಿದ್ದನು. ಅವನ ಯಂತ್ರವನ್ನು ಕುರಿತು ೧೮೪೩ರಲ್ಲಿ ಟಿಪ್ಪಣಿಗಳನ್ನು ಬರೆದ ಆಡಾ ಲವ್‌ಲೇಸ್ ಎಂಬ ವಿದುಷಿಯೂ ಅದನ್ನು ಜಕಾರ್ಡನ ಮಗ್ಗಕ್ಕೇ ಹೋಲಿಸಿದ್ದಾಳೆ.

ಬ್ಯಾಬೇಜನ ಆ ಯಂತ್ರ ಪೂರ್ಣಗೊಳ್ಳಲಿಲ್ಲ. ಆದರೆ ತೂತಿನ ಕಾರ್ಡು ಸಾಯಲಿಲ್ಲ. ಅಮೆರಿಕದ ಹರ್ಮನ್ ಹಾಲರಿತ್ ೧೮೯೦ರ ಜನಗಣತಿಯ ವಿವರಗಳನ್ನು ಕಾರ್ಡಿನಲ್ಲಿ ಕೊರೆಯಿಸಿ ವಿದ್ಯುತ್ತಿನಿಂದ ಎಣಿಸಿದನು. ಅವನು ಸ್ಥಾಪಿಸಿದ ಕಂಪನಿಯು ಬೇರೆ ಕಂಪನಿಗಳೊಡನೆ ಕೂಡಿ, ೧೯೨೪ರಲ್ಲಿ ಐ.ಬಿ.ಎಂ. ಎಂಬ ಹೆಸರನ್ನು ಪಡೆಯಿತು. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಗಣಕಯಂತ್ರಗಳಿಗೆ ಆಜ್ಞೆ ಕೊಡುವ ಮುಖ್ಯ ಸಾಧನವು ತೂತಿನ ಕಾರ್ಡೇ ಆಗಿದ್ದಿತು.

ಸಾಲ ಕೊಟ್ಟ ಮಗ್ಗಕ್ಕೆ ಗಣಕವು ಅದನ್ನು ತೀರಿಸಿದ್ದು ಬಹು ತಡವಾಗಿ. ಇಂಗ್ಲೆಂಡಿನ ಬೋನಾಸ್ ಎಂಬ ಕಂಪನಿಯು ಇಟಲಿಯ ಮಿಲಾನಿನಲ್ಲಿ ನಡೆದ ಜವಳಿ ಯಂತ್ರಗಳ ಪ್ರದರ್ಶನದಲ್ಲಿ ಎಲೆಕ್ಟ್ರಾನಿಕ್ ಜಕಾರ್ಡನ್ನು ೧೯೮೩ರಲ್ಲಿ ತೋರಿಸಿತು. ಇದರಲ್ಲಿ ರಟ್ಟೂ ಇಲ್ಲ, ಸೂಜಿಯೂ ಇಲ್ಲ. ಕೊಕ್ಕೆಗಳನ್ನು ಆರಿಸುವ ಕೆಲಸವನ್ನು ಸಣ್ಣ ವಿದ್ಯುತ್ಕಾಂತಗಳು ಮಾಡುತ್ತವೆ. ವಿದ್ಯುತ್ತು ಹರಿಯುವುದೇ ತೂತು, ಹರಿಯದಿರುವುದೇ ರಟ್ಟು. ಇಂತಹ ಜಕಾರ್ಡುಗಳು ನಮ್ಮ ಭಾಗದಲ್ಲಿಯೂ ಅಲ್ಲಲ್ಲಿ ಕಾಣತೊಡಗಿವೆ. ಗಣಕದ ತೆರೆಯ ಮೇಲೆ ನಕ್ಷೆ ಬರೆದು, ಬೆರಳ ತುದಿಯಷ್ಟು ಗಾತ್ರದ ಸ್ಮೃತಿಕೋಶದಲ್ಲಿ ತುಂಬಿ, ಮಗ್ಗದ ಮೇಲಿನ ಪೆಟ್ಟಿಗೆಗೆ ಸಿಕ್ಕಿಸುತ್ತಾರೆ. ಪಕ್ಕದ ಮನೆಯಲ್ಲಿ ಕಾರ್ಡಿನ ಸರಪಳಿ ಹಳೆಯ ರೀತಿಯಲ್ಲಿಯೇ ತಿರುಗುತ್ತಿರುತ್ತದೆ. ಇನ್ನೂರು ವರ್ಷಗಳ ಅಂತರವುಳ್ಳ ಎರಡು ಯಂತ್ರಗಳು ಒಂದೇ ಗೋಡೆಯ ಆಚೆ ಈಚೆ ನಿಂತು ಒಂದೇ ಗಣಿತವನ್ನು ಮಾಡುತ್ತಿರುವುದು ಭೌತಶಾಸ್ತ್ರದ ವಿದ್ಯಾರ್ಥಿಗಳು ನೋಡತಕ್ಕ ದೃಶ್ಯವಾಗಿದೆ.

ಚಿತ್ರವೆಲ್ಲ ನಕ್ಷೆಯಲ್ಲ

ಈಚೆಗೆ ಮಾತಿನಲ್ಲಿ ಬೇಡಿದರೆ ಚಿತ್ರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಿವೆ. ‘ಕೆಂಪು ದಡಿಯ ಹಸಿರು ಸೀರೆ, ದಡಿಯಲ್ಲಿ ನವಿಲು’ ಎಂದು ಕೇಳಿದರೆ ನಿಮಿಷದೊಳಗೆ ಮನಮೋಹಕವಾದ ಚಿತ್ರ ಬರುತ್ತದೆ. ಹೀಗಿರಲು ನಕ್ಷೆ ಬರೆಯುವವನು ಇನ್ನೇಕೆ ಬೇಕು ಎಂದು ನಮ್ಮ ತರಗತಿಯಲ್ಲಿಯೇ ಕೆಲವರು ಕೇಳಿದ್ದುಂಟು. ಅಂತಹ ಚಿತ್ರವೊಂದನ್ನು ತೆರೆಯ ಮೇಲೆ ದೊಡ್ಡದು ಮಾಡಿ ವಿದ್ಯಾರ್ಥಿಗಳೊಡನೆ ಪರೀಕ್ಷಿಸಿದೆವು. ಮೊದಲನೆಯ ನವಿಲಿಗೂ ಎರಡನೆಯ ನವಿಲಿಗೂ ಹೋಲಿಕೆಯಿದ್ದರೂ ಅವು ಒಂದೇ ಆಗಿರಲಿಲ್ಲ. ಒಂದರ ಗರಿಯಲ್ಲಿ ಏಳು ಕಣ್ಣು, ಇನ್ನೊಂದರಲ್ಲಿ ಒಂಬತ್ತು. ಆದರೆ ಕಾರ್ಡಿನ ಸರಪಳಿಯು ಸುತ್ತು ತಿರುಗಿದ ಮೇಲೆ ಮೊದಲಿನ ನವಿಲೇ ಬರಬೇಕು.

ಇನ್ನೂ ಗಹನವಾದ ತೊಡಕೊಂದುಂಟು. ಹೊಕ್ಕಿನ ಎಳೆಯೊಂದು ಬಹಳ ದೂರ ಹಾಸಿಗೆ ಸಿಕ್ಕದೆ ಬಟ್ಟೆಯ ಮೇಲೆಯೇ ತೇಲಿ ಹೋದರೆ, ಅದು ಉಟ್ಟವರ ಬಳೆಗೋ ಕಾಲುಂಗುರಕ್ಕೋ ಸಿಕ್ಕಿ ಕಿತ್ತುಬರುತ್ತದೆ. ಆದುದರಿಂದ ನಕ್ಷೆ ಬರೆಯುವವನು ಚಿತ್ರದ ಅಂದ ಕೆಡದಂತೆ ನಡುನಡುವೆ ಕಟ್ಟು ಹಾಕಬೇಕು. ಎಲ್ಲಿ ಕಟ್ಟು ಹಾಕಬೇಕೆಂಬುದು ನೂಲಿನ ದಪ್ಪ, ಹುರಿ, ಹಾಸಿನ ಬಿಗಿತ, ಒಂದು ಅಂಗುಲಕ್ಕೆ ಇರುವ ಎಳೆಗಳ ಸಂಖ್ಯೆ ಇವುಗಳನ್ನು ಅವಲಂಬಿಸುತ್ತದೆ. ಚೌಕದ ಹಾಳೆಯಲ್ಲಿ ಗುಂಡಾಗಿ ಕಂಡ ಹೂವು, ಅಂಗುಲಕ್ಕೆ ಹಾಸು ಹೆಚ್ಚಾಗಿ ಹೊಕ್ಕು ಕಡಮೆಯಾದರೆ ಬಟ್ಟೆಯಲ್ಲಿ ನೀಳವಾಗುತ್ತದೆ. ಆ ಅನುಪಾತವನ್ನು ಮೊದಲೇ ಲೆಕ್ಕ ಹಾಕಿ, ಹಾಳೆಯ ಮೇಲೆ ಹೂವನ್ನು ಚಪ್ಪಟೆಯಾಗಿ ಬರೆದುಕೊಳ್ಳಬೇಕು.

ಕೃತಕ ಬುದ್ಧಿಮತ್ತೆಯು ಮುಂದೆ ಇವನ್ನೆಲ್ಲ ಕಲಿಯಲಾರದೆಂದು ನಾವು ಹೇಳುವುದಿಲ್ಲ. ಆದರೆ ಅದಕ್ಕೆ ಕಲಿಸುವವನು ನೂಲನ್ನು ಬೆರಳಿನಿಂದ ಬಲ್ಲವನಾಗಿರಬೇಕು. ಚಿತ್ರವನ್ನು ಬೇಡುವುದು ಈಗ ಎಲ್ಲರಿಗೂ ಸುಲಭವಾಗಿದೆ. ಆ ಚಿತ್ರವು ನೇಯಲು ಬರುವುದೋ ಇಲ್ಲವೋ ಎಂದು ಹೇಳಬಲ್ಲವರು ಮಾತ್ರ ಮೊದಲಿನಂತೆ ಕೆಲವರೇ ಇದ್ದಾರೆ. ಅಂಥವರಲ್ಲಿ ಹಲವರು ನಮ್ಮ ಈ ಓಣಿಗಳಲ್ಲಿಯೇ ಇರುವರೆಂಬುದು ಇಲ್ಲಿಯ ವಿದ್ಯಾರ್ಥಿಗಳಿಗೆ ಒದಗಿರುವ ಭಾಗ್ಯ.

ಕೈಯೊಳಗಿನ ಅಂಗಡಿ

ನೇಯ್ದ ಸೀರೆಯನ್ನು ಮಾರುವ ರೀತಿಯೂ ಬದಲಾಗಿದೆ. ಹಿಂದೆ ಸೀರೆಗಳ ಗಂಟು ವರ್ತಕನ ಅಂಗಡಿಗೆ ಹೋಗುತ್ತಿದ್ದಿತು. ಬೆಲೆಯನ್ನು ಅವನು ಹೇಳುತ್ತಿದ್ದನು. ಈಗ ನೇಕಾರರ ಮನೆಯ ಕಾಲೇಜು ಓದುವ ಮಗಳು ಸೀರೆಯನ್ನು ಬಾಗಿಲಿಗೆ ಹರಡಿ, ಫೋನಿನಲ್ಲಿ ಚಿತ್ರ ತೆಗೆದು, ಪುಣೆಯ ಗಿರಾಕಿಗೆ ನೇರವಾಗಿ ಕಳುಹಿಸುತ್ತಾಳೆ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ೨೦೧೬ರಲ್ಲಿ ಆರಂಭಿಸಿದ ಯು.ಪಿ.ಐ. ವ್ಯವಸ್ಥೆಯಿಂದ ಹಣವು ಕ್ಷಣಾರ್ಧದಲ್ಲಿ ಬಂದು ಸೇರುತ್ತದೆ. ಹಣ ಪಡೆಯಲು ಗೋಡೆಗೆ ಅಂಟಿಸಿದ ಕ್ಯೂ.ಆರ್. ಚೀಟಿಯಾದರೂ ಏನು? ಜಪಾನಿನ ಡೆನ್ಸೊ ವೇವ್ ಕಂಪನಿಯು ೧೯೯೪ರಲ್ಲಿ ಮೋಟಾರು ಬಿಡಿಭಾಗಗಳನ್ನು ಗುರುತಿಸಲೆಂದು ರಚಿಸಿದ ಚೌಕಗಳ ಹಾಳೆ ಅದು. ಅತಿ ಚಿಕ್ಕದಾದ ಚೀಟಿಯಲ್ಲಿ ೨೧ ಸಾಲು, ೨೧ ಕಂಬಗಳಲ್ಲಿ ಒಟ್ಟು ೪೪೧ ಚೌಕಗಳಿರುತ್ತವೆ. ಕಪ್ಪು ಒಂದು ಅಂಕ, ಬಿಳುಪು ಇನ್ನೊಂದು. ಮೂರು ಮೂಲೆಗಳ ದೊಡ್ಡ ಚೌಕಗಳು ಚೀಟಿಯು ಯಾವ ದಿಕ್ಕಿಗೆ ತಿರುಗಿದೆಯೆಂಬುದನ್ನು ಫೋನಿಗೆ ತಿಳಿಸುತ್ತವೆ. ಕೆಲವು ಅಂಕಗಳನ್ನು ತಪ್ಪು ತಿದ್ದುವುದಕ್ಕಾಗಿಯೇ ಹೆಚ್ಚಾಗಿ ಬರೆದಿರುವುದರಿಂದ, ಅತ್ಯುಚ್ಚ ಮಟ್ಟದ ರಕ್ಷಣೆಯುಳ್ಳ ಚೀಟಿಯು ನೂರಕ್ಕೆ ಮೂವತ್ತರಷ್ಟು ಹರಿದರೂ ಮಾಸಿದರೂ ಓದಲು ಬರುತ್ತದೆ. ನೇಕಾರನು ಚೌಕದ ಹಾಳೆಯಿಂದ ಸೀರೆ ಮಾಡುತ್ತಾನೆ. ಹಣವೂ ಅವನಿಗೆ ಚೌಕದ ಹಾಳೆಯ ಮೂಲಕವೇ ಬರುತ್ತದೆ!

ಆದರೆ ಈ ಅಂಗಡಿಯಲ್ಲಿ ಭೌತಶಾಸ್ತ್ರವು ಒಡ್ಡುವ ಅಡ್ಡಿಗಳೂ ಇವೆ. ‘ಚಿತ್ರದಲ್ಲಿ ಕಂಡ ಬಣ್ಣ ಬೇರೆ, ಬಂದ ಸೀರೆಯ ಬಣ್ಣ ಬೇರೆ’ ಎಂದು ಸೀರೆ ಹಿಂದಿರುಗಿ ಬಂದುದನ್ನು ನಾವು ಕಂಡಿದ್ದೇವೆ. ಇದರಲ್ಲಿ ಮಾರಿದವನ ಮೋಸವೂ ಇಲ್ಲ, ಕೊಂಡವರ ಮೊಂಡುತನವೂ ಇಲ್ಲ. ಫೋನಿನ ತೆರೆಯು ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳನ್ನು ಬೆರಸಿ ಎಲ್ಲ ಬಣ್ಣಗಳ ಭ್ರಮೆಯನ್ನು ಹುಟ್ಟಿಸುತ್ತದೆ. ಬಟ್ಟೆಯಾದರೋ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಲವು ತರಂಗಾಂತರಗಳನ್ನು ಹೀರಿ ಉಳಿದವನ್ನು ಹಿಂದಿರುಗಿಸುತ್ತದೆ. ಬಿದ್ದ ಬೆಳಕು ಬದಲಾದರೆ ಹಿಂದಿರುಗುವ ಬೆಳಕೂ ಬದಲಾಗುತ್ತದೆ. ಮನೆಯಲ್ಲಿ ಉರಿಯುವ ಎಲ್.ಇ.ಡಿ. ದೀಪದ ಬಿಳುಪು, ನೀಲಿ ಬೆಳಕಿಗೆ ಹಳದಿ ಬೆಳಕನ್ನು ಬೆರಸಿ ಮಾಡಿದ ಬಿಳುಪು; ಅದು ಸೂರ್ಯನ ಬಿಳುಪಿನಂತೆ ಸರ್ವವರ್ಣಸಮೃದ್ಧವಲ್ಲ. ಈ ಕಾರಣದಿಂದಲೇ ಬಿಸಿಲಿನಲ್ಲಿ ಒಂದೇ ಎಂದು ಕಂಡ ಎರಡು ಬಟ್ಟೆಗಳು ದೀಪದ ಕೆಳಗೆ ಬೇರೆಬೇರೆಯಾಗಿ ಕಾಣುವುದುಂಟು. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಿದ್ದ ಸೀರೆಯಂತೂ ನೋಡುವ ಕೋನ ಬದಲಾದಂತೆ ಬಣ್ಣ ಬದಲಿಸುತ್ತದೆ. ನಿಶ್ಚಲ ಚಿತ್ರವು ಅದರ ಒಂದು ನೋಟವನ್ನು ಮಾತ್ರ ಹಿಡಿಯಬಲ್ಲುದು.

ಇನ್ನೊಂದು ವಿಚಿತ್ರವನ್ನು ವಾಚಕರು ಮನೆಯಲ್ಲಿಯೇ ನೋಡಬಹುದು. ನವಿರಾದ ಗೆರೆಯ ಸೀರೆಯನ್ನು ದೂರದಿಂದ ಚಿತ್ರ ತೆಗೆದರೆ, ಬಟ್ಟೆಯಲ್ಲಿಲ್ಲದ ಅಲೆಅಲೆಯ ಪಟ್ಟೆಗಳು ಕೆಲವು ವೇಳೆ ಚಿತ್ರದಲ್ಲಿ ಮೂಡುತ್ತವೆ. ಸೊಳ್ಳೆಪರದೆಯ ಎರಡು ಪದರಗಳನ್ನು ಒಂದರ ಮೇಲೊಂದಿಟ್ಟು ನೋಡಿದಾಗಲೂ ಹೀಗೆಯೇ ಕಾಣುತ್ತದೆ. ಸೆಕೆಂಡಿಗೆ ೨೫೬ ಮತ್ತು ೨೬೦ ಸಲ ಕಂಪಿಸುವ ಎರಡು ಶ್ರುತಿಕವೆಗಳನ್ನು ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ನಾಲ್ಕು ವಿಸ್ಪಂದಗಳು ಕೇಳುವುದನ್ನು ವಿದ್ಯಾರ್ಥಿಗಳು ಓದಿರುವರಷ್ಟೆ. ಇಲ್ಲಿ ಎಳೆಗಳ ಸಾಲು ಒಂದು ಕವೆ, ಕ್ಯಾಮೆರದೊಳಗಿನ ಬೆಳಕಿನ ಕಣಗಳ ಸಾಲು ಇನ್ನೊಂದು ಕವೆ. ಸೀರೆ ಮಾರುವವರು ಹಗಲಿನ ನೆರಳಿನಲ್ಲಿ ಚಿತ್ರ ತೆಗೆದು, ಪಕ್ಕದಲ್ಲಿ ಒಂದು ಬಿಳಿಯ ಹಾಳೆಯನ್ನಿಟ್ಟು, ಹತ್ತಿರದಿಂದ ಒಂದು, ದೂರದಿಂದ ಒಂದು, ಓರೆಯಾಗಿ ಒಂದು, ಹೀಗೆ ಮೂರು ನೋಟಗಳನ್ನು ಕಳುಹಿಸಿದರೆ ಈ ತೊಡಕುಗಳಲ್ಲಿ ಬಹುಪಾಲು ಕಡಮೆಯಾಗುತ್ತವೆ. ವಿಜ್ಞಾನದ ಪಾಠವು ವ್ಯಾಪಾರಕ್ಕೆ ಒದಗುವ ಬಗೆ ಇದು.

ನಕ್ಷೆಯು ಯಾರ ಸ್ವತ್ತು?

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಈಗ ಬರುತ್ತದೆ. ನಮಗೆ ಪರಿಚಿತರಾದ ನೇಕಾರರೊಬ್ಬರು ತಿಂಗಳುಗಟ್ಟಲೆ ಯೋಚಿಸಿ ಹೊಸ ದಡಿಯೊಂದನ್ನು ರೂಪಿಸಿದರು. ಮೊದಲ ಸೀರೆ ಇಳಿದೊಡನೆ ಅದರ ಚಿತ್ರವನ್ನು ಅವರ ಮಗನು ಉತ್ಸಾಹದಿಂದ ಫೋನಿನಲ್ಲಿ ಹತ್ತಾರು ಮಂದಿಗೆ ಕಳುಹಿಸಿದನು. ಕೆಲವೇ ವಾರಗಳಲ್ಲಿ ಅದೇ ದಡಿಯ ಅಗ್ಗದ ಸೀರೆಗಳು ಬೇರೆ ಕಡೆಯಿಂದ ಪೇಟೆಗೆ ಬಂದವು. “ಸರ, ನಮ್ಮ ಎರಡನೇ ಸೀರಿ ಇನ್ನಾ ಮಗ್ಗದ ಮ್ಯಾಲ ಐತ್ರಿ, ಅದರ ನಕಲಿ ಆಗಲೇ ಪ್ಯಾಟ್ಯಾಗ ಮಾರಾಕ ಹತ್ತೈತಿ” ಎಂದು ಅವರು ನಗುತ್ತಲೇ ಹೇಳಿದರು. ಆ ನಗುವಿನ ಹಿಂದಿದ್ದ ನಷ್ಟವು ಸಣ್ಣದಾಗಿರಲಿಲ್ಲ.

ನಕಲು ಹೊಸ ರೋಗವೇನೂ ಅಲ್ಲ. ಆದರೆ ಹಿಂದೆ ನಕಲು ಮಾಡುವವನು ಸೀರೆಯನ್ನು ಕೊಂಡು, ಎಳೆ ಬಿಚ್ಚಿ ಎಣಿಸಿ, ನಾಲ್ಕುನೂರು ಕಾರ್ಡುಗಳನ್ನು ಒಂದೊಂದಾಗಿ ಕೊರೆಯಬೇಕಾಗುತ್ತಿದ್ದಿತು. ಆ ಶ್ರಮವೇ ಒಂದು ಬೇಲಿಯಾಗಿದ್ದಿತು. ನಕ್ಷೆಯು ಹನ್ನೆರಡು ಸಾವಿರ ಬೈಟುಗಳಾದ ದಿನ ಆ ಬೇಲಿ ಬಿದ್ದುಹೋಯಿತು. ಬಟ್ಟೆಯಿಂದ ಬೇರ್ಪಟ್ಟ ನಕ್ಷೆಗೆ ತೂಕವಿಲ್ಲ, ದೂರವಿಲ್ಲ, ಸವೆತವಿಲ್ಲ. ಒಂದು ಸೀರೆಯನ್ನು ಕೊಟ್ಟರೆ ನಮ್ಮಲ್ಲಿ ಒಂದು ಕಡಮೆಯಾಗುತ್ತದೆ. ಸಂಖ್ಯೆಯನ್ನು ಕೊಟ್ಟರೆ ಕಡಮೆಯಾಗುವುದಿಲ್ಲ, ಆದರೆ ಅದರಿಂದ ಬರಬೇಕಾದ ಸಂಪಾದನೆಯು ಕಡಮೆಯಾಗುತ್ತದೆ.

ಜಕಾರ್ಡನ ಕಾಲದಲ್ಲಿಯೂ ಇಂತಹುದೇ ಪ್ರಶ್ನೆ ಎದ್ದಿದ್ದಿತು. ಅವನ ಯಂತ್ರವನ್ನು ೧೮೦೬ರಲ್ಲಿ ಫ್ರೆಂಚ್ ಸರ್ಕಾರವು ಸಾರ್ವಜನಿಕ ಸ್ವತ್ತೆಂದು ಸಾರಿತು. ಯಾರು ಬೇಕಾದರೂ ಬಳಸಬಹುದಾಯಿತು. ಆದರೆ ಜಕಾರ್ಡನನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಅವನಿಗೆ ನಿವೃತ್ತಿವೇತನವನ್ನೂ, ಪ್ರತಿ ಯಂತ್ರಕ್ಕೂ ಒಂದು ಸಂಭಾವನೆಯನ್ನೂ ಗೊತ್ತುಮಾಡಲಾಯಿತು. ವಿದ್ಯೆಯು ಎಲ್ಲರಿಗೂ ದೊರೆಯಬೇಕು, ವಿದ್ಯೆಯನ್ನು ಕೊಟ್ಟವನೂ ಬದುಕಬೇಕು ಎಂಬ ಈ ನ್ಯಾಯವು ಇಂದಿಗೂ ಮನನೀಯವಾಗಿದೆ.

ನಮ್ಮ ದೇಶದ ಕಾನೂನುಗಳಲ್ಲಿ ಇದಕ್ಕೆ ಸ್ವಲ್ಪ ಆಸರೆಯುಂಟು. ೨೦೦೦ದ ವಿನ್ಯಾಸಗಳ ಕಾಯ್ದೆಯ ಮೇರೆಗೆ ಹೊಸ ವಿನ್ಯಾಸವನ್ನು ನೋಂದಾಯಿಸಿದರೆ ಹತ್ತು ವರ್ಷ, ಮುಂದುವರಿಸಿದರೆ ಮತ್ತೆ ಐದು ವರ್ಷ ಅದರ ಮೇಲೆ ಹಕ್ಕಿರುತ್ತದೆ. ಆದರೆ ನೋಂದಣಿಗೆ ಅರ್ಜಿ ಕೊಡುವ ಮುನ್ನವೇ ಅದನ್ನು ಜನರ ಮುಂದೆ ಪ್ರಕಟಿಸಿದ್ದರೆ ಅದು ‘ಹೊಸದು’ ಎನಿಸಿಕೊಳ್ಳುವುದಿಲ್ಲ. ಉತ್ಸಾಹದಲ್ಲಿ ಚಿತ್ರ ಹಂಚುವ ತರುಣರು ಇದನ್ನು ವಿಶೇಷವಾಗಿ ಗಮನಿಸಬೇಕು. ೧೯೫೭ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇನ್ನೊಂದು ನಿಯಮವಿದೆ: ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ವಿಧಾನದಿಂದ ಐವತ್ತಕ್ಕಿಂತ ಹೆಚ್ಚು ಸಲ ಉತ್ಪಾದಿಸಿದರೆ ಅದರ ಕೃತಿಸ್ವಾಮ್ಯವು ಅಲ್ಲಿಗೆ ನಿಂತುಹೋಗುತ್ತದೆ. ಇಳಕಲ್ಲು ಸೀರೆಯಂತಹ ಪರಂಪರೆಯ ಬಟ್ಟೆಗೆ ೧೯೯೯ರ ಭೌಗೋಳಿಕ ಗುರುತಿನ ಕಾಯ್ದೆಯ ರಕ್ಷಣೆಯಿದೆ. ಅದು ಒಬ್ಬನ ಸ್ವತ್ತಲ್ಲ, ಆ ಸೀಮೆಯ ನೇಕಾರರೆಲ್ಲರ ಸ್ವತ್ತು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆಯೂ ೧೯೮೫ರಲ್ಲಿ ಬಂದಿದೆ. ಅಜ್ಜಂದಿರಿಂದ ಬಂದ ಹೂವು ಬಳ್ಳಿಗಳನ್ನು ಯಾರೊಬ್ಬರೂ ತನ್ನದೆನ್ನಲಾಗದು, ಎನ್ನಲೂಬಾರದು. ಆದರೆ ಈ ವರ್ಷ ಒಬ್ಬನು ಯೋಚಿಸಿ ಮಾಡಿದ ಹೊಸ ನಕ್ಷೆಯ ಮಾತು ಬೇರೆ. ಈ ಎರಡರ ನಡುವಿನ ಗೆರೆಯನ್ನು ತಿಳಿದಿರುವುದು ಇಂದಿನ ನೇಕಾರನಿಗೆ ಹಾಸು ಹೊಕ್ಕಿನ ಭೇದವನ್ನು ತಿಳಿದಷ್ಟೇ ಅವಶ್ಯಕ.

ಕಾನೂನು ಮಾತ್ರ ಸಾಲದು. ಸಣ್ಣ ನೇಕಾರನು ನ್ಯಾಯಾಲಯದ ಮೆಟ್ಟಿಲೇರಿ ನಕಲುಗಾರನನ್ನು ಬೆನ್ನಟ್ಟುವುದು ಸುಲಭವಲ್ಲ. ನಕ್ಷೆಗಳನ್ನು ಹತ್ತಾರು ಮನೆಗಳು ಕೂಡಿ ಸಹಕಾರದ ಹೆಸರಿನಲ್ಲಿ ನೋಂದಾಯಿಸುವುದು, ಪ್ರತಿ ಸೀರೆಯೊಡನೆ ಮಗ್ಗದ ವಿವರವನ್ನು ತಿಳಿಸುವ ಕ್ಯೂ.ಆರ್. ಚೀಟಿಯನ್ನು ಹೊಲಿಯುವುದು, ನಕಲುಗಾರನು ಒಂದನ್ನು ಕದಿಯುವಷ್ಟರಲ್ಲಿ ಮುಂದಿನ ನಕ್ಷೆಯನ್ನು ಸಿದ್ಧಗೊಳಿಸುವುದು, ಇವೆಲ್ಲ ಸಾಧ್ಯವಾದ ಉಪಾಯಗಳು. ಇವುಗಳಿಗೆಲ್ಲ ಗಣಕವನ್ನೂ ಮಗ್ಗವನ್ನೂ ಬಲ್ಲ ತರುಣರು ಬೇಕು. ಮಗ್ಗದ ಮನೆಯಲ್ಲಿ ಹುಟ್ಟಿ ಗಣಕವನ್ನು ಕಲಿತವರು ದೂರದ ನಗರಕ್ಕೆ ಹೋಗಿ ಬೇರೆಯವರ ಲೆಕ್ಕಪತ್ರಗಳಿಗೆ ಆಜ್ಞಾವಳಿ ಬರೆಯುವುದು ತಪ್ಪಲ್ಲ. ಆದರೆ ಅವರಲ್ಲಿ ಕೆಲವರಾದರೂ ತಮ್ಮ ಮನೆಯ ಯಂತ್ರಕ್ಕೆ ಆಜ್ಞೆ ಬರೆಯುವವರಾಗದಿದ್ದರೆ, ಆ ಆಜ್ಞೆಯನ್ನು ಬೇರೆಯವರು ಬರೆಯುತ್ತಾರೆ. ನಮ್ಮವರ ಪಾಲಿಗೆ ಲಾಳಿಯ ಸದ್ದು ಮಾತ್ರ ಉಳಿಯುತ್ತದೆ.

ವಿದ್ಯಾರ್ಥಿಗಳು ಈ ಪ್ರಯೋಗವೊಂದನ್ನು ಮಾಡಿ ನೋಡಬೇಕೆಂದು ನಮ್ಮ ಸೂಚನೆ. ಮನೆಯಲ್ಲಿರುವ ಹಳೆಯ ಸೀರೆಯೊಂದರ ದಡಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದು, ಇಪ್ಪತ್ತು ಹಾಸು, ಇಪ್ಪತ್ತು ಹೊಕ್ಕುಗಳನ್ನು ಎಣಿಸಿರಿ. ಚೌಕದ ಹಾಳೆಯಲ್ಲಿ ಹಾಸು ಮೇಲಿದ್ದಲ್ಲಿ ಚೌಕವನ್ನು ತುಂಬಿರಿ, ಕೆಳಗಿದ್ದಲ್ಲಿ ಬಿಡಿರಿ. ನಾಲ್ಕುನೂರು ಚೌಕಗಳು ಮುಗಿಯುವ ಹೊತ್ತಿಗೆ ಕಣ್ಣು ದಣಿದಿರುತ್ತದೆ. ಹಾಳೆಯ ಮೇಲೆ ಹೂವಿನ ಒಂದು ಎಸಳು ಮೂಡಿರುತ್ತದೆ. ಆ ಹಾಳೆಯನ್ನು ತೆಗೆದುಕೊಂಡು ಹತ್ತಿರದ ನೇಕಾರರ ಮನೆಗೆ ಹೋಗಿ, ಎಲ್ಲಿ ತಪ್ಪಿದ್ದೀರೆಂದು ಕೇಳಿರಿ. ಅವರು ಅದನ್ನು ಓದಿ ಹೇಳಬಲ್ಲರು.